ತೆರಿಗೆ ಕಟ್ಟಿದ ಮಾತ್ರಕ್ಕೆ ಭದ್ರತೆ ಸಿಗಲ್ಲ

"ಸರ್ಕಾರವೇ ಟ್ಯಾಕ್ಸ್ ತಗೊಳ್ತಿದೆ ಸರ್, ಅಂದ್ಮೇಲೆ ಕ್ರಿಪ್ಟೋ ಲೀಗಲ್ ತಾನೇ?" ವೀಕ್ಷಕರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು.

ನೋಡಿ, 2018ರಲ್ಲಿ ಆರ್‌ಬಿಐ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ. ಅಂದರೆ ನಿಷೇಧ ಇಲ್ಲ. ಆದರೆ ಅದನ್ನು ಹಣ ಅಂತ ಕಾನೂನು ಒಪ್ಪಿಯೂ ಇಲ್ಲ.

ಕಷ್ಟ ಬಂದಾಗ ಏನಾಗುತ್ತೆ? 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಗ್ರಾಹಕರು ತಮ್ಮದೇ ದುಡ್ಡು ತೆಗೆಯಲಾಗದೆ ಕೂತರು. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಕ್ರಿಪ್ಟೋಗೆ ಆ ವಿಮೆ ಇಲ್ಲ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೂ ತೆರಿಗೆ ಕಾನೂನು ಬಿಡಲ್ಲ.

ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ: ಬಿಟ್‌ಕಾಯಿನ್‌ನ ಬ್ಲಾಕ್‌ಚೈನ್‌ನಲ್ಲಿ ಬರೆದ ಲೆಕ್ಕ ತಿದ್ದೋದು ಬಹಳ ಕಷ್ಟ. ಆದರೆ ಎಕ್ಸ್‌ಚೇಂಜ್‌ನಲ್ಲಿ ಇಟ್ಟ ಕಾಯಿನ್‌ನ ಕೀಲಿಕೈ ನಿಮ್ಮ ಹತ್ತಿರ ಇರಲ್ಲ. ಅಲ್ಲಿ ನೀವು ನಂಬಿರೋದು ಒಂದು ಕಂಪನಿಯನ್ನು.

ಹೊಸ ಆ್ಯಪ್ ಬಂದಾಗ ಎರಡೇ ಪ್ರಶ್ನೆ ಕೇಳಿ. ಕೀಲಿಕೈ ಯಾರ ಕೈಲಿದೆ? ಕಳುವಾದರೆ ತುಂಬಿಕೊಡೋರು ಯಾರು? ಲಾಭದಲ್ಲಿ ಪಾಲು ಕೇಳುವ ಸರ್ಕಾರಕ್ಕೂ ಈ ಎರಡನೇ ಪ್ರಶ್ನೆ ಕೇಳಲೇಬೇಕು. ಉತ್ತರ ಸಿಗೋವರೆಗೆ ಮಗಳ ಫೀಸಿನ ದುಡ್ಡು ಬ್ಯಾಂಕಲ್ಲೇ ಇರಲಿ.