ಲಕ್ಷದ್ವೀಪ: ಉಪ್ಪು ಸಮುದ್ರದ ನಡುವಿನ ಸಿಹಿನೀರು
(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಬೀದರ್ ಜಿಲ್ಲೆಯವರಾದ ನಾವು ಸಮುದ್ರದಿಂದ ಬಹು ದೂರದವರು. ಗೋರ್ಟಾದಂಥ ಊರಿನ ಮಕ್ಕಳಿಗೆ ದ್ವೀಪಗಳ ವಿಷಯವೇಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಲಕ್ಷದ್ವೀಪದ ಕೆಲವು ದ್ವೀಪಗಳು ಒಂದೂವರೆ ಶತಮಾನ ಮಂಗಳೂರಿನ ಆಡಳಿತದಲ್ಲಿದ್ದವು. ಅಲ್ಲಿನ ಜನರ ದೊಡ್ಡ ಚಿಂತೆ ನಮ್ಮ ಚಿಂತೆಯೂ ಹೌದು. ಅದೇ ಕುಡಿಯುವ ನೀರು.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳಿಗೆ ಅಮಿನಿದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಇವು ಟಿಪ್ಪು ಸುಲ್ತಾನರ ಆಳ್ವಿಕೆಗೆ ಬಂದವು. 1799ರಲ್ಲಿ ಟಿಪ್ಪು ಹುತಾತ್ಮರಾದ ಬಳಿಕ ಬ್ರಿಟಿಷರ ವಶವಾಗಿ, ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದವು. ದ್ವೀಪದವರು ತೆಂಗಿನ ನಾರು, ಕೊಬ್ಬರಿ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಹೆಸರಿನಲ್ಲಿ ಲಕ್ಷವಿದ್ದರೂ ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ ಮಾತ್ರ. ಒಟ್ಟು ನೆಲ ಸುಮಾರು 32 ಚದರ ಕಿ.ಮೀ. 2011ರ ಜನಗಣತಿಯಂತೆ ಜನಸಂಖ್ಯೆ 64,473; ಅವರಲ್ಲಿ ಶೇ. 96ಕ್ಕಿಂತ ಹೆಚ್ಚು ಮುಸ್ಲಿಮರು. ಸಾಕ್ಷರತೆ ಶೇ. 91ಕ್ಕೂ ಮೇಲೆ. ಹೆಚ್ಚಿನವರ ಮಾತು ಮಲಯಾಳಂ. ದಕ್ಷಿಣದ ಮಿನಿಕಾಯ್‌ನಲ್ಲಿ ಮಾತ್ರ ಮಾಲ್ಡೀವ್ಸ್‌ನ ಧಿವೇಹಿಯನ್ನೇ ಮಹಲ್ ಎಂಬ ಹೆಸರಿನಿಂದ ಆಡುತ್ತಾರೆ.

ಈ ನೆಲ ಹವಳದ ಹುಳುಗಳು ಕಟ್ಟಿದ್ದು. ನದಿಯಿಲ್ಲ, ಬೆಟ್ಟವಿಲ್ಲ. ಬಹುಭಾಗ ಸಮುದ್ರ ಮಟ್ಟದಿಂದ ಒಂದೆರಡು ಮೀಟರ್ ಎತ್ತರದಲ್ಲಿದೆ. ಹಾಗಾದರೆ ಸಿಹಿನೀರು ಎಲ್ಲಿಂದ? ಮಳೆನೀರು ಹವಳದ ಮರಳಿನಲ್ಲಿ ಇಳಿಯುತ್ತದೆ. ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಪಂಪು ಹಾಕಿ ಹೆಚ್ಚು ಎಳೆದರೆ ಕೆಳಗಿನ ಉಪ್ಪುನೀರು ಬಾವಿಗೆ ಏರುತ್ತದೆ. ಆದ್ದರಿಂದ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕ ಆರಂಭವಾಯಿತು. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಅದನ್ನು ತಂಪಾಗಿಸುವುದು ಅದರ ವಿಧಾನ.

ಜೀವಸಂಪತ್ತೂ ಹವಳವನ್ನೇ ನಂಬಿದೆ. ಹವಳದ ನಡುವೆ ಸಿಗುವ ಸಣ್ಣ ಮೀನುಗಳನ್ನು ಎರೆಯಾಗಿ ಚೆಲ್ಲಿ, ಗಾಳದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಹಿಡಿಯುತ್ತಾರೆ. ಪಿಟ್ಟಿ ಎಂಬ ನಿರ್ಜನ ದಿಬ್ಬ ಕಡಲ ಹಕ್ಕಿಗಳ ಧಾಮ. ಆದರೆ ಸಮುದ್ರ ಬಿಸಿಯೇರಿ 1998, 2010, 2016 ಮತ್ತು 2024ರಲ್ಲಿ ಹವಳ ಬಿಳಿಚಿಕೊಂಡಿತು. ಹವಳ ಸತ್ತರೆ ಅಲೆಗಳನ್ನು ತಡೆಯುವ ಗೋಡೆಯೇ ಹೋದಂತೆ.

ಪ್ರವಾಸಿಗರು ಅಲ್ಲಿಗೆ ಹೋಗಲು ಪರವಾನಗಿ ಪಡೆಯಬೇಕು. 2024ರ ಜನವರಿಯಲ್ಲಿ ಪ್ರಧಾನಿ ಭೇಟಿ ನೀಡಿದ ಮೇಲೆ ದೇಶದ ಗಮನ ಅತ್ತ ಹರಿಯಿತು. ಆದಾಯ ಬೇಕು, ನಿಜ. ಆದರೆ ಪ್ರತಿ ಅತಿಥಿಗೂ ನೀರು ಬೇಕು, ಪ್ರತಿ ಕಸಕ್ಕೂ ಜಾಗ ಬೇಕು. ಲೆಕ್ಕ ಅಲ್ಲಿಂದ ಶುರುವಾಗಬೇಕು.

ಅಲ್ಲಿ ವಿಧಾನಸಭೆ ಇಲ್ಲ. ರಾಷ್ಟ್ರಪತಿಗಳು ನೇಮಿಸಿದ ಆಡಳಿತಾಧಿಕಾರಿ ಕವರತ್ತಿಯಿಂದ ಆಡಳಿತ ನಡೆಸುತ್ತಾರೆ. ಲೋಕಸಭೆಗೆ ಒಬ್ಬ ಸದಸ್ಯ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಪ್ರಕಟವಾದಾಗ, ತಮ್ಮ ಭೂಮಿ ಕೈತಪ್ಪೀತೆಂದು ದ್ವೀಪದವರು ವಿರೋಧಿಸಿದರು. ಇಷ್ಟು ಕಡಿಮೆ ನೆಲದವರಿಗೆ ಆ ಆತಂಕ ಸಹಜ.

ವಿದ್ಯಾರ್ಥಿಗಳೇ, ಮಿನಿಕಾಯ್‌ನಲ್ಲಿ 1938ರಲ್ಲಿ ಹುಟ್ಟಿದ ಅಲಿ ಮಾಣಿಕ್‌ಫಾನ್ ಅವರ ಹೆಸರನ್ನು ನೆನಪಿಡಿ. ಶಾಲಾ ಶಿಕ್ಷಣ ಅರ್ಧಕ್ಕೆ ನಿಂತರೂ ಅವರ ಕಲಿಕೆ ನಿಲ್ಲಲಿಲ್ಲ. ಹಲವು ಭಾಷೆ ಕಲಿತರು, ಸಾಗರ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. ಒಂದು ಮೀನಿನ ವೈಜ್ಞಾನಿಕ ಹೆಸರಿನಲ್ಲಿ ಅವರ ಹೆಸರಿದೆ. 2021ರಲ್ಲಿ ಪದ್ಮಶ್ರೀ ಬಂತು. ತಮ್ಮ ಮನೆಯೆದುರಿನ ಕಡಲನ್ನೇ ಅವರು ಪಾಠಪುಸ್ತಕ ಮಾಡಿಕೊಂಡರು.

ನಮ್ಮ ಮುಂದೆ ಕಡಲಿಲ್ಲ, ಬಾವಿಗಳಿವೆ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಇದೆ. ನೆಲದೊಳಗಿನ ನೀರನ್ನು ಹರಿಯುವಷ್ಟೇ ಪಡೆಯುವ ವ್ಯವಸ್ಥೆ ಅದು. ಕೊಳವೆಬಾವಿ ಹಾಗಲ್ಲ, ಎಳೆದಷ್ಟೂ ಕೊಡುತ್ತದೆ, ಒಂದು ದಿನ ಬತ್ತುತ್ತದೆ. ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ನಮ್ಮ ಧರ್ಮ ಕಲಿಸಿದೆ. ಈ ವರ್ಷ ಮಳೆಗಾಲದ ಕೊನೆಗೊಮ್ಮೆ, ಬೇಸಿಗೆಯಲ್ಲೊಮ್ಮೆ ನಿಮ್ಮೂರ ಬಾವಿಯ ನೀರಿನ ಮಟ್ಟವನ್ನು ಹಿರಿಯರ ಜೊತೆಗೂಡಿ ಅಳೆದು, ದಿನಾಂಕ ಸಹಿತ ಬರೆದಿಡಿ. ಮುಂದಿನ ಸಭೆಗೆ ಆ ಪುಸ್ತಕ ತನ್ನಿ; ಕೂತು ಓದೋಣ.