ಶನಿವಾರದ ಬಡಗಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಅವರ ಅಪ್ಪಣೆ ಪಡೆದೇ ಇವತ್ತು ಮರಗೆಲಸದ ಬಗ್ಗೆ ಮಾತಾಡುತ್ತೇನೆ.

ಕಂಪನಿ ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ದಕ್ಷಿಣದ ಸಸೆಕ್ಸ್ ಸೀಮೆಯಲ್ಲಿ ಬ್ಲೂಬೆಲ್ ರೈಲ್ವೆ ಎಂಬುದೊಂದಿದೆ. ಸರ್ಕಾರಿ ರೈಲ್ವೆಯವರು 1958ರಲ್ಲಿ ಮುಚ್ಚಿದ ದಾರಿ ಅದು. 1960ರಲ್ಲಿ ಸಾಮಾನ್ಯ ಜನರೇ ಸೇರಿ ಅದರ ಒಂದು ಭಾಗದಲ್ಲಿ ಮತ್ತೆ ರೈಲು ಓಡಿಸಿದರು. ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣದವರೆಗೂ ಹಳಿ ಒಯ್ಯಬೇಕೆಂದಾಗ ಒಂದು ತೊಡಕಿತ್ತು. ಹಳಿಗಾಗಿ ಹಿಂದೆ ಗುಡ್ಡ ಕಡಿದಿದ್ದ ಜಾಗದ ತುಂಬ ಪಟ್ಟಣದ ಕಸ ಸುರಿದಿದ್ದರು. ಆ ಕಸವನ್ನು ರೈಲಿನಲ್ಲೂ ಸಾಗಿಸಿ ದಾರಿ ಬಿಡಿಸಿಕೊಂಡು 2013ರಲ್ಲಿ ಆ ಊರು ಮುಟ್ಟಿದರು. ಈಗ ಅದು ಸುಮಾರು 18 ಕಿ.ಮೀ. ದಾರಿ. ಸಂಬಳದ ನೌಕರರು ಕೆಲವರಿದ್ದರೂ ಅದು ನಡೆಯುವುದು ಸ್ವಯಂಸೇವಕರಿಂದ.

ಆ ದಾರಿಯಲ್ಲಿ ಹಾರ್ಸ್ಟೆಡ್ ಕೇನ್ಸ್ ಎಂಬ ನಿಲ್ದಾಣದ ಹತ್ತಿರ ಬೋಗಿಗಳನ್ನು ರಿಪೇರಿ ಮಾಡುವ ಕಾರ್ಖಾನೆ ಇದೆ. ಎರಡು ಚಳಿಗಾಲ, ಬಿಡುವಿದ್ದ ಶನಿವಾರಗಳಲ್ಲಿ ಅಲ್ಲಿ ಕೈಯಾಳಾಗಿ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಪ್ರಯಾಣಿಕರು ಹೆಚ್ಚು, ಬೋಗಿಗಳು ಓಡುತ್ತಿರಬೇಕು. ಕ್ರಿಸ್‌ಮಸ್ ಕಳೆದ ಮೇಲೆ ಜನ ಕಡಿಮೆ. ಆಗ ರಿಪೇರಿಗೆ ಕೈ ಹಾಕಲು ಪುರುಸೊತ್ತು. ಸಂಜೆ ನಾಲ್ಕಕ್ಕೆಲ್ಲ ಕತ್ತಲು, ಬೆರಳು ಮರಗಟ್ಟುವ ಚಳಿ. ಒಂದು ಕೈ ಬಣ್ಣ ಒಣಗುವವರೆಗೆ ಇನ್ನೊಂದು ಕೈ ಬಳಿಯುವಂತಿಲ್ಲ. ಕಾಯುವುದೂ ಕೆಲಸವೇ.

ಹಳೆಯ ಬೋಗಿ ಎಂದರೆ ಗಾಲಿಯ ಮೇಲಿನ ಮರದ ಮನೆ. ಅಸ್ಥಿಪಂಜರ ಮರದ್ದು, ಹೊರಮೈಗೆ ತೇಗದಂಥ ಹಲಗೆ, ಚಾವಣಿಯ ಹಲಗೆಗಳ ಮೇಲೆ ಬಣ್ಣ ಕುಡಿಸಿದ ಕ್ಯಾನ್ವಾಸ್ ಬಟ್ಟೆ, ಕಿಟಕಿ ಏರಿಸಿ ಇಳಿಸಲು ಚರ್ಮದ ಪಟ್ಟಿ. ಚಾವಣಿ ಸೋರಿದರೆ ನೀರು ಒಳಗೊಳಗೇ ಇಳಿದು, ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗಿನ ಮರ ಲಡ್ಡಾಗಿರುತ್ತದೆ. ರೈಲ್ವೆ ಮಾರಿದ ಎಷ್ಟೋ ಬೋಗಿಗಳು ಗಾಲಿ ಕಳಚಿಕೊಂಡು ಹೊಲಗಳಲ್ಲಿ ಮನೆಯಾಗಿ, ಕೋಳಿಗೂಡಾಗಿ ದಶಕಗಟ್ಟಲೆ ಬಿದ್ದಿದ್ದವು. ಅಂಥವನ್ನೂ ಹುಡುಕಿ ತಂದು, ಬೇರೆ ಅಡಿಗಟ್ಟಿನ ಮೇಲೆ ಕೂರಿಸಿ ಓಡಿಸಿದ್ದಾರೆ. 1898ರಲ್ಲಿ ಕಟ್ಟಿದ ಬೋಗಿಗಳೂ ಅವರಲ್ಲಿವೆ.

ನಾನು ಮೊದಲು ಕಲಿತದ್ದು ಹಳೆಯ ಬಣ್ಣ ಕೆರೆಯುವುದು. ಪದರ ಪದರವಾಗಿ ನಿಧಾನಕ್ಕೆ ಕೆರೆಯಬೇಕು. ಅಡಿಯಲ್ಲಿ ಮೂಲ ಬಣ್ಣವೋ ಬೋಗಿಯ ಸಂಖ್ಯೆಯೋ ಸಿಕ್ಕರೆ ಅದೇ ದಾಖಲೆ. ಆಮೇಲೆ ಲಡ್ಡಾದಷ್ಟೇ ಮರವನ್ನು ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ತುಂಡು ಕೂರಿಸುವುದು. ಗಟ್ಟಿ ಇರುವ ಹಳೆಯ ಮರವನ್ನು ಮುಟ್ಟುವಂತಿಲ್ಲ. ಸಾಫ್ಟ್‌ವೇರ್‌ನಲ್ಲಿ ಹಳೆಯದನ್ನು ಪೂರ್ತಿ ಕಿತ್ತು ಹೊಸದಾಗಿ ಬರೆಯೋಣ ಎನ್ನುವವರೇ ನಮ್ಮಲ್ಲಿ ಹೆಚ್ಚು. ಅಲ್ಲಿ, ಎಷ್ಟನ್ನು ಉಳಿಸಬಹುದು ಎಂಬುದೇ ಮೊದಲ ಪ್ರಶ್ನೆ.

ನನಗೆ ಉಳಿ ಹಿಡಿಯಲು ಕಲಿಸಿದವರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಅವರಿಗೆ ಕಲಿಸಿದ್ದು ರೈಲ್ವೆಯಲ್ಲೇ ದುಡಿದಿದ್ದ ಬಡಗಿಯೊಬ್ಬರು. ಆ ಬಡಗಿ ಈಗ ಇಲ್ಲ, ಅವರ ಕೈಚಳಕ ಉಳಿದಿದೆ. ಇನ್ನೊಂದು ಮಾತು. ಸ್ವಯಂಸೇವೆ ಎಂದರೆ ಹೇಗಾದರೂ ನಡೆದೀತು ಎಂದಲ್ಲ. ಬ್ರೇಕು, ಗಾಲಿ, ಬಾಗಿಲು ಎಲ್ಲವನ್ನೂ ಬಲ್ಲವರು ಪರೀಕ್ಷಿಸಿ ಒಪ್ಪದೆ ಬೋಗಿ ಹಳಿಗೆ ಹೋಗುವುದಿಲ್ಲ.

ಒಂಬತ್ತನೇ ತರಗತಿಯ ಪ್ರವಾಸದಲ್ಲಿ ನಾವು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ನೋಡಿದ್ದು ನಿಮಗೆ ನೆನಪಿರಬಹುದು. 1899ರ ಮಹಾರಾಣಿಯವರ ಸಲೂನ್ ಬೋಗಿಯನ್ನು ಕಿಟಕಿಯಿಂದ ಇಣುಕಿದ್ದೆವು. ರಾಜಮನೆತನದ ವಸ್ತುವನ್ನು ಯಾರಾದರೂ ಕಾಪಾಡುತ್ತಾರೆ. ಸಾಮಾನ್ಯರು ಕುಳಿತ ಮೂರನೇ ದರ್ಜೆಯ ಬೆಂಚನ್ನು, ಅದರಲ್ಲಿ ಕುಳಿತವರ ಮಕ್ಕಳು ಮೊಮ್ಮಕ್ಕಳೇ ಕಾಪಾಡಬೇಕು. ಬ್ಲೂಬೆಲ್‌ನಲ್ಲಿ ನಾನು ಕಂಡದ್ದು ಅದನ್ನೇ.

ನಮ್ಮ ಶಾಲೆಯ ಹಿಂದಿನ ಕೊಠಡಿಯಲ್ಲಿ ಮೊದಲ ವರ್ಷಗಳ ಬೆಂಚುಗಳು ರಾಶಿ ಬಿದ್ದಿವೆ. ಹರಾಜಿನ ಮಾತು ನಡೆದಿದೆ. ನಿನ್ನೆ ಹೋಗಿ ಒಂದೊಂದನ್ನೂ ತಟ್ಟಿ ನೋಡಿದೆ. ಹೆಚ್ಚಿನವುಗಳ ಕಾಲು ಮಾತ್ರ ಲಡ್ಡು, ಮೇಲಿನ ಹಲಗೆ ಕಲ್ಲಿನಂತಿದೆ. ಅವುಗಳಲ್ಲಿ ಕೆಲವನ್ನು ಮಾಡಿದ ಬಡಗಿ ಅಜ್ಜ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಅವರ ಕೈಯ ವಿದ್ಯೆ ಕಲಿತವರು ಊರಿನಲ್ಲಿ ಯಾರೂ ಇಲ್ಲ.

ಶಾಲಾಭಿವೃದ್ಧಿ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ದಸರಾ ರಜೆ ಮುಗಿಯುವವರೆಗೆ ಹರಾಜು ನಿಲ್ಲಿಸಿ, ಇಲಾಖೆಯ ಒಪ್ಪಿಗೆ ಕೇಳೋಣ. ಅಜ್ಜ ಹೇಳಿಕೊಡಲಿ, ನಾವು ಮಾಡೋಣ. ಅಜ್ಜನಿಗೆ ದಿನಗೂಲಿ ಕೊಡಲೇಬೇಕು, ಅದನ್ನೂ ಮರದ ಖರ್ಚನ್ನೂ ನಮ್ಮ ತಂಡದ ಗೆಳೆಯರು ಹೊರುತ್ತೇವೆ. ನಮ್ಮ ದುಡಿಮೆ ಮಾತ್ರ ಬಿಟ್ಟಿ. ಶಾಲೆಗೆ ಫ್ಯಾನು, ಗಡಿಯಾರ ಕೊಟ್ಟ ಮಿತ್ರರಿಗೆಲ್ಲ ವಂದನೆ. ಈ ಸಲ ಕೈಯನ್ನೂ ತನ್ನಿ.

ರಜೆಯ ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ನಾನು ಹಿಂದಿನ ಕೊಠಡಿಯ ಹತ್ತಿರ ಇರುತ್ತೇನೆ.