ಅಲ್ಲಿ ನಮ್ಮವರು, ಇಲ್ಲಿ ಅವರು

(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



"ಮಗ ಗಲ್ಫಿನಲ್ಲಿದ್ದಾನೆ" ಎಂಬ ಮಾತು ನಮ್ಮ ಕರಾವಳಿಯ ಮನೆಗಳಲ್ಲಿ ಹೊಸದಲ್ಲ. ನಮ್ಮ ಹಿರಿಯರು ಗದ್ದೆ ಬಿಟ್ಟು ಹೆಂಚಿನ ಕಾರ್ಖಾನೆಗೆ ಹೋದರು, ಹೆಂಗಸರು ಬೀಡಿ ಕಟ್ಟಿದರು, ಹುಡುಗರು ಬೊಂಬಾಯಿಯ ಹೋಟೆಲು ಸೇರಿದರು. 1973ರಲ್ಲಿ ಎಣ್ಣೆಯ ಬೆಲೆ ಏರಿ ಗಲ್ಫ್ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಹೆಚ್ಚಿದಾಗ ನಮ್ಮವರು ಅತ್ತ ಹೊರಟರು. ಕೂಲಿ ಹೆಚ್ಚು ಸಿಗುವಲ್ಲಿಗೆ ಕೆಲಸಗಾರ ಹೋಗುತ್ತಾನೆ. ಅದರಲ್ಲಿ ತಪ್ಪೇನಿದೆ? ವಿಶ್ವಬ್ಯಾಂಕಿನ ಅಂದಾಜಿನಂತೆ 2023ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣ ಸುಮಾರು 12,000 ಕೋಟಿ ಡಾಲರ್. ಜಗತ್ತಿನಲ್ಲಿ ಇದೇ ಹೆಚ್ಚು.

ಆದರೆ ಹೋದವರ ಜಾಗ ಖಾಲಿ ಉಳಿಯುವುದಿಲ್ಲ. ನೇಜಿ ನೆಡಲು, ಅಡಿಕೆ ಕೊಯ್ಯಲು ಜನ ಸಿಗದೆ ಇಲ್ಲಿಯ ಕೂಲಿ ಏರಿತು, ಎಷ್ಟೋ ಗದ್ದೆಗಳು ಹಡಿಲು ಬಿದ್ದವು. ಆ ಕೂಲಿಯನ್ನು ನಂಬಿ ಬಾಗಲಕೋಟೆ, ಗದಗ, ಕೊಪ್ಪಳದಿಂದ, ಆಮೇಲೆ ಒಡಿಶಾ, ಜಾರ್ಖಂಡ್, ಬಿಹಾರದಿಂದ ಜನ ಬಂದರು. ಗಲ್ಫಿನಲ್ಲಿ ನಾವು ಹೇಗೋ, ಇಲ್ಲಿ ಅವರು ಹಾಗೆ.

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ನಾವೆಲ್ಲ ಕಣ್ಣೀರು ಹಾಕಿದೆವು. ಆದರೆ ನಮ್ಮೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಎಷ್ಟು ಜನ ಮಲಗುತ್ತಾರೆ, ಅಲ್ಲಿ ಕಕ್ಕಸು ಇದೆಯಾ ಎಂದು ಒಮ್ಮೆಯಾದರೂ ಹೋಗಿ ನೋಡಿದ್ದೇವೆಯೇ?

ಆದುದರಿಂದ ಎರಡು ಕೆಲಸ ಮಾಡೋಣ.

ಮೊದಲನೆಯದು, ಹೊರಡುವವರಿಗೆ. ಏಜೆಂಟನಿಗೆ ಸರಕಾರದ ನೋಂದಣಿ ಇದೆಯೇ ನೋಡಿರಿ. ಅವನು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ತೆರಿಗೆ ಮಾತ್ರ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಹತ್ತನೇ ತರಗತಿ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗಲು ಸರಕಾರದ ವಲಸೆ ಅನುಮತಿ ಬೇಕು. ಇದರ ಜೊತೆಗಿನ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದಲ್ಲಿ ಮರಣವಾದರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ವಿಮೆ ಇದೆ. ಪಾಸ್‌ಪೋರ್ಟ್, ವೀಸಾ, ಕರಾರು ಪತ್ರಗಳ ಜೆರಾಕ್ಸ್ ಮನೆಯಲ್ಲಿ ತಾಯಿಯ ಕೈಯಲ್ಲಿರಲಿ.

ಎರಡನೆಯದು, ಬಂದವರಿಗೆ. ಒಪ್ಪಿದ ಕೂಲಿಯನ್ನು ಒಪ್ಪಿದ ದಿನ ಕೊಡೋಣ. ಅವರ ಮಕ್ಕಳನ್ನು ಅಂಗನವಾಡಿಗೆ, ಶಾಲೆಗೆ ಸೇರಿಸೋಣ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು; ಅರ್ಜಿ ತುಂಬಲು ನಮ್ಮ ಸಂಘದವರೇ ಕೂತುಕೊಳ್ಳಲಿ.

ದೂರದ ದೇಶದಲ್ಲಿ ನಮ್ಮ ಮಗನಿಗೆ ಯಾರಾದರೂ ಒಂದು ಲೋಟ ನೀರು ಕೊಟ್ಟು "ಊಟ ಆಯ್ತಾ?" ಎಂದು ಕೇಳಲಿ ಎಂದು ಆಶಿಸುತ್ತೇವೆ. ಅದೇ ಮಾತನ್ನು ನಮ್ಮ ಅಂಗಳಕ್ಕೆ ಕೆಲಸಕ್ಕೆ ಬಂದವರಲ್ಲಿ ನಾಳೆಯೇ ಕೇಳೋಣ.